ಏಳು ಬೊಳ್ಳ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ನನ್ನ ಕೆಲಸದ ಕೆಳಗೆ ತನ್ನ ಹೆಸರು ಹಾಕಿಕೊಂಡ ಮನುಷ್ಯನಿಗೆ ನನ್ನ ಬರಹದಲ್ಲೂ ಯಾಕೆ ಜಾಗ ಕೊಡಬೇಕು ಎಂದು, ಅಷ್ಟೇ. ಮ್ಯಾನೇಜರ್ ಎನ್ನುತ್ತೇನೆ, ಸಾಕು. ಮೈಸೂರಿನವರು, ಮಾತು ಬೆಣ್ಣೆ. ನನಗೆ ಕೋಪ ಬೇಗ ಬರುವುದಿಲ್ಲ, ಬಂದರೆ ಹೋಗುವುದೂ ಇಲ್ಲ. ಇಷ್ಟು ವರ್ಷಗಳಾದ ಮೇಲೂ ಅವರ ಮುಖ ನೆನಪಾದರೆ ಕೈಯಲ್ಲಿದ್ದ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತೇನೆ.

ನಮ್ಮದು ನಿಜ್ವಾದಲ್ಲಿ ಒಂದು ಸಣ್ಣ ಸೈಟ್ ಆಫೀಸು. ಹೆಡ್ಡಾಫೀಸು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ. ರಸ್ತೆಗಳ ವಿನ್ಯಾಸ ಮಾಡುವ ಕಂಪನಿ. ನಾನು ಅಲ್ಲಿ ಕಂಪ್ಯೂಟರಿನಲ್ಲಿ ನಕಾಶೆ ಬಿಡಿಸುವವಳು. ಗಂಡ ಇಬ್ರಿಯಲ್ಲಿದ್ದರು, ತೈಲಬಾವಿಗಳಿಗೆ ಸಾಮಾನು ಪೂರೈಸುವ ಕಡೆ. ತೈಲದ ಬೆಲೆ ಕುಸಿದ ಮೊದಲ ವರ್ಷವೇ, ಕೆಲಸದಿಂದ ತೆಗೆಯುವವರ ಮೊದಲ ಪಟ್ಟಿಯಲ್ಲಿ ಅವರ ಹೆಸರು ಬಂತು. ಅವರು ಉಡುಪಿಗೆ ವಾಪಸಾದರು. ನಾನು ಮತ್ತು ಮಗಳು ಉಳಿದೆವು, ಯಾಕೆಂದರೆ ಮಗಳು ಅಲ್ಲಿನ ಇಂಡಿಯನ್ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು, ಹತ್ತನೆಯ ಪರೀಕ್ಷೆಗೆ ಹೆಸರು ನೋಂದಾಯಿಸಿ ಆಗಿತ್ತು. ಅವಳ ವೀಸಾವನ್ನು ನನ್ನ ಹೆಸರಿಗೆ ಬದಲಾಯಿಸಿಕೊಳ್ಳಲು ಮೂರು ತಿಂಗಳು ಆಫೀಸಿನಿಂದ ಆಫೀಸಿಗೆ ಅಲೆದೆ. ನನ್ನ ಕೆಲಸ ಇರುವವರೆಗೆ ಅವಳು ಅಲ್ಲಿ ಇರಬಹುದು. ಆ ಪರೀಕ್ಷೆ ಮುಂದಿನ ವರ್ಷದ ಮಾರ್ಚ್‌ನಲ್ಲಿ. ನಮ್ಮ ಮನೆಯಲ್ಲಿ ಮಾರ್ಚ್ ಎಂದರೆ ತಿಂಗಳಲ್ಲ, ಅಲ್ಲಿಯವರೆಗೆ ಹೇಗಾದರೂ ಹಲ್ಲು ಕಚ್ಚಿ ಉಳಿಯಬೇಕಾದ ಜಾಗ.

ಗಂಡ ಬಿಟ್ಟುಹೋದ ಸಾಮಾನಿನಲ್ಲಿ ಒಂದು ಸೈಕಲ್ ಇತ್ತು. ಹೈಸ್ಕೂಲಿಗೆ ಸೈಕಲಿನಲ್ಲಿ ಹೋಗುತ್ತಿದ್ದವಳು ನಾನು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಸೀಟು ತಗ್ಗಿಸಿಕೊಂಡು ಹೊರಟೆ. ದೊಡ್ಡ ರಸ್ತೆಗೆ ಹೋದದ್ದು ಒಂದೇ ದಿನ. ಚೂಡಿದಾರ ಹಾಕಿ ಹೆಲ್ಮೆಟ್ ಕಟ್ಟಿಕೊಂಡ ನಡುವಯಸ್ಸಿನ ಹೆಂಗಸು ಸೈಕಲ್ ತುಳಿಯುವುದನ್ನು ಆ ಊರು ನೋಡಿರಲಿಲ್ಲ. ಪಿಕಪ್‌ನವರು ಹಾರ್ನ್ ಹೊಡೆದರು, ಒಬ್ಬಾತ ವೇಗ ಕಮ್ಮಿ ಮಾಡಿ ಪಕ್ಕದಲ್ಲೇ ಬಂದ. ಮರುವಾರದಿಂದ ಯಾರೂ ಹೋಗದ ರಸ್ತೆ ಹುಡುಕತೊಡಗಿದೆ.

ಅಂಥ ರಸ್ತೆ ಅಲ್ಲಿ ಬೇಕಾದಷ್ಟು ಇದ್ದವು. ಹೊಸ ಜೋಡಿ ರಸ್ತೆ ಬಂದ ಮೇಲೆ ಹಳೆಯ ಒಂಟಿ ರಸ್ತೆಯನ್ನು ಯಾರೂ ಕೀಳುವುದಿಲ್ಲ, ಅದು ಹಾಗೇ ಬಿದ್ದಿರುತ್ತದೆ. ನಿಜ್ವಾದಿಂದ ಬಹ್ಲಾ ಕಡೆಗೆ, ಅಲ್ಲಿಂದ ಇಬ್ರಿ ದಿಕ್ಕಿಗೆ, ದೊಡ್ಡ ರಸ್ತೆಯ ಬೆನ್ನ ಹಿಂದೆ ಸಣ್ಣ ರಸ್ತೆಗಳು ಖರ್ಜೂರದ ತೋಟಗಳ ಗೋಡೆ ಸವರಿಕೊಂಡು ಹೋಗುತ್ತವೆ. ತೈಲದ ಬೆಲೆ ಇಳಿದಷ್ಟೂ ಅವು ಇನ್ನೂ ಮೌನವಾದವು. ಕಾಮಗಾರಿ ನಿಂತು ಟಿಪ್ಪರುಗಳು ಹೋದವು. ಕೆಲಸಗಾರರ ಶಿಬಿರಗಳು ಖಾಲಿಯಾದವು. ನಾಡಿಗೆ ಬಂದ ಕಷ್ಟದಿಂದ ನನಗೊಬ್ಬಳಿಗೆ ಆದ ಲಾಭ ಅದು, ಸುಳ್ಳು ಹೇಳಬಾರದು. ಎರಡು ಗಂಟೆ ತುಳಿದರೆ ಎದುರಿಗೆ ಸಿಗುವುದು ನಾಲ್ಕು ಆಡು, ತೋಟಕ್ಕೆ ನೀರು ಹಾಯಿಸುವ ಫಲಜ್ ಕಾಲುವೆಯಲ್ಲಿ ಕೈಕಾಲು ತೊಳೆಯುವ ಒಬ್ಬ ಮುದುಕ. ಆತ ಕೈಯೆತ್ತಿ ಸಲಾಂ ಹೇಳುತ್ತಿದ್ದ, ನಾನೂ ಹೇಳುತ್ತಿದ್ದೆ. ವಾರದ ಆರು ದಿನ ನನ್ನನ್ನು ಯಾರ್ಯಾರೋ ನಡೆಸುತ್ತಿದ್ದರು, ಆ ಎರಡು ಗಂಟೆ ನಾನೇ ನಡೆಸಿಕೊಳ್ಳುತ್ತಿದ್ದೆ.

ನಕಾಶೆಯವಳ ಬುದ್ಧಿ ಎಲ್ಲಿ ಹೋಗುತ್ತದೆ? ಮಗಳ ಒಂದು ಹಳೆಯ ನೋಟುಬುಕ್ಕಿನಲ್ಲಿ ರಸ್ತೆಗಳನ್ನು ಬರೆದಿಡಲು ಶುರುಮಾಡಿದೆ. ಒಂದೊಂದು ಪುಟಕ್ಕೆ ಒಂದೊಂದು ದಾರಿ. ನೆರಳು ಎಲ್ಲಿ, ಕುಡಿಯುವ ನೀರಿನ ನಲ್ಲಿ ಎಲ್ಲಿ, ನಾಯಿ ಅಟ್ಟಿಸಿಕೊಂಡು ಬರುವುದು ಎಲ್ಲಿ, ಮಲಯಾಳಿಯ ಕಾಫಿ ಶಾಪ್ ಎಲ್ಲಿ, ಎಷ್ಟನೆಯ ಕಿಲೋಮೀಟರು. ಬರೆದದ್ದು ಕನ್ನಡದಲ್ಲಿ, ಆದರೆ ನಾನು ಮನೆಯಲ್ಲಿ ತುಳು ಮಾತಾಡುವವಳು. ಬಾಯಿಗೆ ಬಂದ ಹಾಗೆ ಕೈಗೂ ಬರುತ್ತಿತ್ತು. ಆ ನಾಡಿನಲ್ಲಿ ವಾದಿ ಎಂದರೆ ಒಣಗಿದ ಹೊಳೆಪಾತ್ರ. ಹಳೆಯ ರಸ್ತೆಗಳಿಗೆ ಸೇತುವೆ ಇರುವುದಿಲ್ಲ, ವಾದಿ ಬಂದಲ್ಲಿ ರಸ್ತೆಯೇ ತಗ್ಗಿಗೆ ಇಳಿದು, ಜಲ್ಲಿಕಲ್ಲಿನ ಮಧ್ಯೆ ದಾಟಿ, ಮತ್ತೆ ಏರುತ್ತದೆ. ವರ್ಷವಿಡೀ ಧೂಳು. ಗುಡ್ಡದಲ್ಲಿ ಎಲ್ಲೋ ಮಳೆ ಬಿದ್ದರೆ, ಇಲ್ಲಿ ಬಿಸಿಲಿದ್ದರೂ, ಗಳಿಗೆಯೊಳಗೆ ಕೆಂಪು ನೀರು ಕಾರನ್ನೂ ಉರುಳಿಸಿಕೊಂಡು ಹೋಗುತ್ತದೆ. ಅಂಥ ತಗ್ಗುಗಳು ನನ್ನ ದಾರಿಯಲ್ಲಿ ಏಳು ಇದ್ದವು. ಏಳಕ್ಕೂ ಬಾಣದ ಗುರುತು ಹಾಕಿ ಒಂದೇ ಶಬ್ದ ಬರೆದಿದ್ದೆ: ಬೊಳ್ಳ. ತುಳುವಿನಲ್ಲಿ ಬೊಳ್ಳ ಎಂದರೆ ನೆರೆ, ಪ್ರವಾಹ.

ಮಗಳು ಹತ್ತನೆಯ ತರಗತಿಗೆ ಬಂದ ವರ್ಷದ ಅಕ್ಟೋಬರಿನಲ್ಲಿ ಆಫೀಸಿನಲ್ಲಿ ನೊಣ ಹೊಡೆಯುವ ಕೆಲಸವೂ ಇರಲಿಲ್ಲ. ಆಗ ಕ್ಲೈಂಟ್ ಕಡೆಯ ಒಬ್ಬ ಒಮಾನಿ ಇಂಜಿನಿಯರು ಬಂದರು. ಮಸ್ಕತ್ತಿನ ಕಡಲ ಬದಿಯವರು, ಐವತ್ತರ ಆಸುಪಾಸು. ಬೇಸಿಗೆ ರಜೆಯಲ್ಲಿ ಫ್ರಾನ್ಸಿಗೆ ಹೋಗಿದ್ದರಂತೆ. ಅಲ್ಲಿನ ಹಳ್ಳಿಗಾಡಿನಲ್ಲಿ ಕಾರೇ ಬಾರದ ಸಣ್ಣ ರಸ್ತೆಗಳನ್ನು ಜೋಡಿಸಿ ಸೈಕಲ್ ದಾರಿ ಮಾಡಿದ್ದಾರೆ, ಹೊಸದಾಗಿ ಏನೂ ಕಟ್ಟಿಲ್ಲ, ಒಂದು ನಕಾಶೆ, ತಿರುವುಗಳಲ್ಲಿ ಒಂದೊಂದು ಬೋರ್ಡು, ಅಷ್ಟೇ ಎಂದು ಮಡಚಿದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಹಸಿರು ಬಯಲು, ತೆಳ್ಳಗಿನ ಕೆಂಪು ಗೆರೆ, ಅಲ್ಲಲ್ಲಿ ಚಹಾದ ಕಪ್ಪಿನ ಚಿತ್ರ. ದೊಡ್ಡ ರಸ್ತೆ ಮಾಡಲು ಈಗ ಆಗುವುದಿಲ್ಲ, ಇದನ್ನಾದರೂ ಮಾಡೋಣ, ಇಲ್ಲಿ ಅಂಥ ರಸ್ತೆಗಳು ಇವೆಯೇ ಎಂದು ಕೇಳಿದರು. ಮ್ಯಾನೇಜರ್ ಸೈಕಲ್ ಮುಟ್ಟಿದವರೇ ಅಲ್ಲ. ಆದರೂ ಗಂಟಲು ಸರಿಮಾಡಿಕೊಂಡು ನೋಡೋಣ ಎಂದರು.

ಅವರು ಹೋದ ಮೇಲೆ ನಾನೇ, ದಡ್ಡಿ, ನೋಟುಬುಕ್ಕು ತಂದು ತೋರಿಸಿದೆ. ಮ್ಯಾನೇಜರ್ ಪುಟ ತಿರುಗಿಸಿದರು.

"ಏನ್ರೀ ಇದು, ಪಳ್ಳಿ ಪಳ್ಳಿ ಅಂತ ಬರ್ದಿದೀರಿ. ಹಳ್ಳಿ ಅಂತಾನಾ?"

"ಅಲ್ಲ ಸರ್, ಪಳ್ಳಿ ಅಂದ್ರೆ ಮಸೀದಿ. ನಮ್ಮ ಊರಲ್ಲಿ ಹಾಗೇ ಹೇಳುದು. ಅಲ್ಲಿ ನೀರಿನ ನಲ್ಲಿ ಉಂಟು, ಅದಕ್ಕೆ ಬರೆದದ್ದು."

"ನಿಮ್ಮ ಮಂಗಳೂರು ಕನ್ನಡ ಅರ್ಥ ಮಾಡ್ಕೊಳಕ್ಕೆ ಇನ್ನೊಂದು ಜನ್ಮ ಬೇಕು ಬಿಡಿ," ಎಂದು ನಕ್ಕರು. ನಾನೂ ನಕ್ಕೆ. "ಇದು ನನ್ ಹತ್ರ ಇರ್ಲಿ. ಇದೊಂದು ಪಾಸ್ ಆದ್ರೆ ನಿಮ್ಮ ಮಾರ್ಚ್ ನನ್ ಜವಾಬ್ದಾರಿ. ಮಗಳಿಗೆ ಓದ್ಕೊ ಅಂತ ಹೇಳಿ."

ಅಂದು ಮನೆಗೆ ಹೋಗಿ ಪಾಯಸ ಮಾಡಿದೆ. ಮಗಳು "ವಾಟ್ಸ್ ದಿ ಅಕೇಶನ್?" ಎಂದು ಕೇಳಿದಳು. ಮಾರ್ಚ್ ಆಯಿತು ಎಂದೆ.

ನವೆಂಬರಿನಲ್ಲಿ ಹೆಡ್ಡಾಫೀಸಿನಿಂದ ಪತ್ರ ಬಂತು. ಡಿಸೆಂಬರ್ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ, ಸೇವೆಗೆ ಧನ್ಯವಾದ. ಇಮೇಲ್ ಕಳಿಸಿದ ಗುಮಾಸ್ತೆ ಹಿಂದಿನ ಇಮೇಲುಗಳನ್ನು ಅಳಿಸಲು ಮರೆತಿದ್ದಳು. ಕೆಳಗೆ ಕೆಳಗೆ ಜಾರಿಸಿ ಓದುತ್ತ ಹೋದೆ. ಮ್ಯಾನೇಜರ್ ಬರೆದ ಸಾಲು ಅಲ್ಲಿತ್ತು. ಸೈಟಿನ ಡ್ರಾಫ್ಟ್ಸ್‌ಪರ್ಸನ್ ಅನ್ನು ಬಿಡಬಹುದು. ಸೈಕಲ್ ದಾರಿಗಳ ಅಧ್ಯಯನ ಪೂರ್ತಿ ನನ್ನ ಸ್ವಂತ ಓಡಾಟದ ಫಲ, ಅದಕ್ಕೆ ಆಕೆಯ ಅಗತ್ಯವಿಲ್ಲ ಎಂದು. ಸ್ವಂತ ಓಡಾಟ. ಕಾರಿನ ಎಸಿ ಸರಿ ಇಲ್ಲದಿದ್ದರೆ ಆಫೀಸಿಗೇ ಬಾರದ ಮನುಷ್ಯ.

ನಾನು ಅಳಲಿಲ್ಲ. ಅವರ ಕೋಣೆಗೆ ಹೋಗಿ ಕೇಳಿದೆ. ಅವರು ಕುರ್ಚಿ ಎಳೆದು ಕೂರಿಸಿದರು, ನೀರು ಕೊಟ್ಟರು.

"ನನ್ ಕೈಲಿ ಏನಿದೆ ಹೇಳಿ ಮೇಡಂ. ಎಲ್ಲಾ ಮೇಲಿನವರದ್ದು. ನಾನು ಎಷ್ಟು ಹೇಳ್ದೆ ಗೊತ್ತಾ?"

ಸಾಲು ಓದಿದ್ದೇನೆ ಎಂದು ಹೇಳಲಿಲ್ಲ. ಹೇಳಿಬಿಟ್ಟರೆ ಅವರು ಇನ್ನೊಂದು ಬೆಣ್ಣೆ ಮಾತು ಆಡುತ್ತಾರೆ, ನಾನು ಅತ್ತುಬಿಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಅದು ಮುಗಿಯುವುದು ನನಗೆ ಬೇಕಿರಲಿಲ್ಲ. ನೋಟುಬುಕ್ಕು ಕೊಡಿ ಎಂದೆ. ಹೆಡ್ಡಾಫೀಸಿನಲ್ಲಿದೆ, ತರಿಸಿಕೊಡುತ್ತೇನೆ ಎಂದರು.

ಎರಡು ವಾರದ ಮೇಲೆ ನೋಟುಬುಕ್ಕಿನ ಬದಲು ನಕಾಶೆಯ ಚೆಕ್ ಪ್ರಿಂಟ್ ಬಂತು. ನಮ್ಮ ಕಸುಬಿನ ಪದ್ಧತಿ ಹೀಗೆ: ನಕಾಶೆ ತಯಾರಾದ ಮೇಲೆ ಒಂದು ಪ್ರತಿಯನ್ನು ತಪ್ಪು ನೋಡುವವರಿಗೆ ಕೊಡುತ್ತಾರೆ. ಅವರು ಒಂದೊಂದು ಗೆರೆ, ಒಂದೊಂದು ಅಕ್ಷರ ನೋಡುತ್ತ ಸರಿ ಇದ್ದದ್ದಕ್ಕೆ ಹಳದಿ ಬಳಿಯಬೇಕು, ತಪ್ಪಿದ್ದದ್ದಕ್ಕೆ ಕೆಂಪು ಸುತ್ತಬೇಕು. ಬಣ್ಣ ತಾಗದೆ ಉಳಿದದ್ದನ್ನು ಯಾರೂ ನೋಡಿಲ್ಲ ಎಂದು ಅರ್ಥ. ಕೊನೆಯಲ್ಲಿ ಸಹಿ. ಹಳದಿ ಬಿದ್ದ ಮೇಲೆ ಅದು ನೋಡಿದವರ ಮಾತು. ಹೊರಗೆ ಹೋಗುವವಳ ಕೈಯಿಂದಲೇ ಕೊನೆಯ ಚಾಕರಿ ಮಾಡಿಸಿಕೊಳ್ಳುವ ನಾಚಿಕೆಗೇಡಿತನಕ್ಕೆ ಏನು ಹೇಳುವುದು. "ನಿಮ್ಮಷ್ಟು ನೀಟಾಗಿ ಯಾರೂ ನೋಡಲ್ಲ ಮೇಡಂ," ಎಂದು ಮೇಜಿನ ಮೇಲೆ ಇಟ್ಟು ಹೋದರು.

ಹರಡಿದೆ. ಮೂಲೆಯಲ್ಲಿ ಅವರ ಹೆಸರು, ದಪ್ಪ ಅಕ್ಷರ. ನನ್ನ ರಸ್ತೆ ಕೆಂಪು ಗೆರೆಯಾಗಿ ಓಡಿತ್ತು, ಫ್ರಾನ್ಸಿನದ್ದರ ಹಾಗೆಯೇ. ಮಸೀದಿಗಳೆಲ್ಲ ಸರಿಯಾಗಿ ಬಂದಿದ್ದವು; ಪಳ್ಳಿ ಎಂದರೇನೆಂದು ಕೇಳಿ ತಿಳಿದುಕೊಂಡಿದ್ದರಲ್ಲ. ಮುಂದೆ ನೋಡಿದೆ. ಬೊಳ್ಳ ಒಂದು. ಬೊಳ್ಳ ಎರಡು. ಬೊಳ್ಳ ಮೂರು. ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ, ಊರಿಗೆ ಹಾಕುವ ದುಂಡು ಚುಕ್ಕೆಯೊಂದಿಗೆ, ಏಳರವರೆಗೆ. ಪಕ್ಕದಲ್ಲೇ ಬಹ್ಲಾ ಎಂಬ ದೊಡ್ಡ ಊರಿದೆ; ಬಹ್ಲಾ ಇದ್ದ ಮೇಲೆ ಅದರ ಸುತ್ತ ಏಳು ಸಣ್ಣ ಬೊಳ್ಳಗಳು ಯಾಕಿರಬಾರದು ಎಂದು ಮೈಸೂರಿನ ತಲೆ ಲೆಕ್ಕ ಹಾಕಿತ್ತು. ಊರು ಎಂದ ಮೇಲೆ ಅಲ್ಲೊಂದು ಅಂಗಡಿ ಇದ್ದೇ ಇರುತ್ತದೆ ಎಂದು ಪ್ರತಿ ಬೊಳ್ಳಕ್ಕೂ ಚಹಾದ ಕಪ್ಪಿನ ಚಿತ್ರ. ಕಪ್ಪಿನ ಕೆಳಗೆ, ವಿಶ್ರಾಂತಿ ತಾಣ.

ಅಷ್ಟು ನಕ್ಕದ್ದು ನಾನು ಆ ವರ್ಷದಲ್ಲೇ ಇಲ್ಲ. ಬಾಯಿಗೆ ವೇಲ್ ಒತ್ತಿಕೊಂಡು ನಕ್ಕೆ. ಕೆಂಪು ಪೆನ್ನು ಕೈಯಲ್ಲಿತ್ತು. ಮೊದಲ ಬೊಳ್ಳದ ಮೇಲೆ ಅದರ ತುದಿ ಇಟ್ಟೆ ಕೂಡ. ಆಮೇಲೆ ಆ ಸಾಲು ನೆನಪಾಯಿತು, ಸ್ವಂತ ಓಡಾಟ. ನಿನ್ನ ಸ್ವಂತ ಓಡಾಟವೇ ಇರಲಿ ಹಾಗಾದರೆ. ಕೆಂಪನ್ನು ಮುಚ್ಚಿಟ್ಟು ಹಳದಿ ತೆಗೆದೆ. ಏಳು ಬೊಳ್ಳಕ್ಕೂ, ಏಳು ಕಪ್ಪಿಗೂ, ಗೆರೆ ದಾಟದ ಹಾಗೆ, ಮದುವೆಮನೆಯ ರಂಗೋಲಿಗೆ ಬಣ್ಣ ತುಂಬುವವಳ ಹಾಗೆ ತುಂಬಿದೆ. ಕೆಳಗೆ ಸಹಿ ಮಾಡಿದೆ. ಯಾರಾದರೂ ಸೈಕಲಿನವರು ದಣಿದು ಆ ತಗ್ಗಿನಲ್ಲಿ ಕೂತಾರು, ಆಗ ನೀರು ಬಂದರೆ ಎಂಬ ಯೋಚನೆ ಬರಲಿಲ್ಲವೇ ಎಂದು ಕೇಳಿದರೆ, ಬಂತು. ಮಳೆ ಇಲ್ಲಿ ವರ್ಷಕ್ಕೆ ಎಷ್ಟು ದಿನ ಬರುತ್ತದೆ ಎಂದು ಅದನ್ನು ಪಕ್ಕಕ್ಕೆ ಸರಿಸಿದೆ. ಆ ಯೋಚನೆಗೆ ಬಣ್ಣ ತಾಗಿಸಲಿಲ್ಲ.

ಅಚ್ಚಿಗೆ ಹೋಗುವ ಮೊದಲು ಒಮ್ಮೆ ತುಳಿದು ನೋಡಬೇಕು ಎಂದು ಒಮಾನಿ ಇಂಜಿನಿಯರು ಹಟ ಹಿಡಿದರು. ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟೆವು. ಅವರು ಸೈಕಲಿನಲ್ಲಿ. ಮ್ಯಾನೇಜರ್ ಹೊಸ ಸೈಕಲಿನಲ್ಲಿ, ಅಂಗಡಿಯ ಪ್ಲಾಸ್ಟಿಕ್ಕು ಇನ್ನೂ ಹ್ಯಾಂಡಲಿಗೆ ಅಂಟಿಕೊಂಡಿತ್ತು. ನಾನು ಹಿಂದಿನಿಂದ ಆಫೀಸಿನ ಕಾರಿನಲ್ಲಿ, ನೀರು ಮತ್ತು ಬಾಳೆಹಣ್ಣು ತುಂಬಿಕೊಂಡು. ನನ್ನ ದಾರಿಯಲ್ಲಿ ನನಗೆ ಸಿಕ್ಕ ಕೆಲಸ ಅದು. ಐದನೆಯ ಸಲಕ್ಕೆ ಕಷ್ಟಪಟ್ಟು ಪಡೆದ ಲೈಸೆನ್ಸು ಬಾಳೆಹಣ್ಣು ಸಾಗಿಸಲು ಉಪಯೋಗವಾಯಿತು.

ಮೊದಲ ಬೊಳ್ಳ ಬಂತು. ರಸ್ತೆ ತಗ್ಗಿಗೆ ಇಳಿಯಿತು. ಎರಡು ಬದಿಗೆ ನೀರಿನ ಮಟ್ಟ ತೋರಿಸುವ ಕೆಂಪು ಬಿಳಿ ಕಂಬ, ಜಲ್ಲಿಕಲ್ಲು, ಒಂದು ಜಾಲಿಮರ. ಇಬ್ಬರೂ ಇಳಿದು ಸುತ್ತ ನೋಡಿದರು. ನಾನು ಕಾರಿನ ಗಾಜು ಇಳಿಸಿದೆ, ಒಂದು ಶಬ್ದವೂ ತಪ್ಪಿಹೋಗಬಾರದಲ್ಲ.

"ಊರು ಎಲ್ಲಿ?" ಎಂದು ಇಂಜಿನಿಯರು ಇಂಗ್ಲಿಷಿನಲ್ಲಿ ಕೇಳಿದರು.

ಸ್ವಲ್ಪ ಒಳಗಡೆ ಇದೆ, ಇಲ್ಲಿಂದ ಕಾಣುವುದಿಲ್ಲ ಎಂದರು ಮ್ಯಾನೇಜರ್. ಆಮೇಲೆ ಕಾರಿನ ಬಳಿ ಬಂದು ಮೆಲ್ಲಗೆ, "ಮೇಡಂ, ಬೊಳ್ಳ ಎಲ್ರೀ?"

"ನಿಮ್ಮ ಸ್ವಂತ ಓಡಾಟ ಅಲ್ವಾ ಸರ್, ನಿಮಗೇ ಗೊತ್ತಿರುದು," ಎಂದೆ. ಅವರ ಮುಖದಲ್ಲಿ ಆ ಎರಡು ಶಬ್ದ ಇಳಿದದ್ದನ್ನು ನೋಡಿದೆ. ಇದನ್ನು ಬರೆಯುವಾಗಲೂ ಹೊಟ್ಟೆ ತಣ್ಣಗಾಗುತ್ತದೆ.

ಎರಡನೆಯ ಬೊಳ್ಳದಲ್ಲೂ ಅದೇ ಕಂಬ, ಅದೇ ಕಲ್ಲು. ಇಂಜಿನಿಯರು ನಕಾಶೆ ತೆಗೆದು ತಿರುಗಿಸಿ ನೋಡಿದರು. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಿದ್ದರು. ಆಗ ನಾನು ಬಲಗಡೆ ನೋಡಿದೆ. ಉತ್ತರದ ಜಬಲ್ ಕಾಣುತ್ತಿರಲಿಲ್ಲ. ಬೆಳಿಗ್ಗೆ ನೀಲಿಯಾಗಿದ್ದ ಅಷ್ಟು ದೊಡ್ಡ ಗುಡ್ಡಸಾಲು ಕಪ್ಪು ಮೋಡದ ಒಳಗೆ ಹೋಗಿತ್ತು. ನಮ್ಮ ತಲೆಯ ಮೇಲೆ ಬಿಸಿಲಿತ್ತು. ವಾಪಸು ಹೋಗೋಣ ಎಂದು ಹೇಳಲು ಬಾಯಿ ತೆರೆದವಳು, ಇನ್ನೊಂದು ಬೊಳ್ಳ ನೋಡಿಬಿಡಲಿ ಎಂದು ಮುಚ್ಚಿದೆ. ಅದನ್ನು ನಾನು ಬೇಕೆಂದೇ ಮಾಡಿದೆ.

ಮೂರನೆಯದು ಎಲ್ಲಕ್ಕಿಂತ ಅಗಲ. ನಾನು ಕಾರನ್ನು ತಗ್ಗಿಗೆ ಇಳಿಸದೆ ದಡದ ಮೇಲೆಯೇ ನಿಲ್ಲಿಸಿದೆ. ಮ್ಯಾನೇಜರ್ ಸೈಕಲನ್ನು ಕಂಬಕ್ಕೆ ಒರಗಿಸಿ ರಸ್ತೆಯ ಅಂಚಿನಲ್ಲಿ ಕೂತು ಬೂಟು ಬಿಚ್ಚಿದರು. ಇಂಜಿನಿಯರು ಮಾತ್ರ ನಕಾಶೆ ಹಿಡಿದು ಜಲ್ಲಿಯ ಮೇಲೆ ಮೇಲ್ಗಡೆಗೆ ನಡೆದರು, ಒಳಗಿದೆಯೆಂಬ ಊರನ್ನು ಹುಡುಕಿಕೊಂಡು. ನೂರು ಹೆಜ್ಜೆ, ಇನ್ನೂರು ಹೆಜ್ಜೆ. ಬಿಳಿಯ ಟೋಪಿ ಸಣ್ಣದಾಗುತ್ತ ಹೋಯಿತು. ಅದೇ ಹೊತ್ತಿಗೆ ಶಬ್ದ ಕೇಳಿತು. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಆದರೆ ನಿಲ್ಲುತ್ತಿಲ್ಲ. ಲಾರಿಗಳು ನಿಂತುಹೋಗಿ ವರ್ಷವಾಗಿತ್ತು.

ಹಾರ್ನ್ ಒತ್ತಿ ಹಿಡಿದೆ. ಬಾಗಿಲು ತೆಗೆದು ಹೊರಗೆ ಬಂದು ಕೂಗಿದೆ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ತಾಯಿ ಮಾತು, ನೆರೆ ಬಂತು ಎಂದು.

"ಬೊಳ್ಳ ಬತ್ತ್ಂಡ್. ಬೊಳ್ಳ, ಬೊಳ್ಳ."

ಮ್ಯಾನೇಜರ್ ಎದ್ದು ನಿಂತರು. ಅವರ ಮುಖ ಅರಳಿತು. "ಎಲ್ಲಿ? ಬೊಳ್ಳ ಎಲ್ಲಿದೆ? ಸಿಕ್ತಾ?" ಎಂದು ಕೇಳುತ್ತ, ಬರಿಗಾಲಲ್ಲಿ, ನಾನು ಕೈ ತೋರಿಸಿದ ಕಡೆಗೇ, ವಾದಿಯ ಒಳಕ್ಕೆ ಹೆಜ್ಜೆ ಇಟ್ಟರು.

ಆಗ ನನಗೆ ಅರ್ಥವಾಯಿತು ನಾನು ಏನು ಮಾಡಿದ್ದೇನೆಂದು. "ವಾದಿ, ವಾದಿ," ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಆ ಶಬ್ದ ಇಂಜಿನಿಯರಿಗೆ ತಲುಪಿತು. ಅವರು ಹಿಂದೆಮುಂದೆ ನೋಡದೆ ಒಮ್ಮೆಗೇ ಕೆಳಗಡೆಗೆ ತಿರುಗಿ ಓಡಿದರು. ಓಡುತ್ತ ಬಂದು ಮ್ಯಾನೇಜರ ರಟ್ಟೆ ಹಿಡಿದು ಎಳೆದರು. ಇಬ್ಬರೂ ದಡ ಹತ್ತುವಾಗ ಇಂಜಿನಿಯರು ಜಾರಿ ಮೊಣಕಾಲು ಕಲ್ಲಿಗೆ ಬಡಿಯಿತು. ನಾನು ವೇಲ್ ಎಸೆದು, ಕೈ ಕೊಟ್ಟು, ಹೇಗೋ ಮೇಲೆ ಎಳೆದೆ. ನೀರು ಬಂತು. ಮೊದಲು ಕೊಳಕು ನೊರೆ, ಅದರ ಮೇಲೆ ಒಣ ಕಡ್ಡಿಗಳು, ಹಿಂದಿನಿಂದ ಸೊಂಟದೆತ್ತರದ ಕೆಂಪು ನೀರು. ಹೊಸ ಸೈಕಲು, ಇಂಜಿನಿಯರ ಸೈಕಲು, ಮ್ಯಾನೇಜರ ಬೂಟು, ಎಲ್ಲ ಒಂದೇ ಸಲಕ್ಕೆ ಹೋದವು.

ಹಿಂದಿನ ತಗ್ಗಿನಲ್ಲೂ ನೀರು ಬಂದಿದ್ದರಿಂದ ನಾವು ಎರಡರ ನಡುವೆ ಸಿಕ್ಕಿಕೊಂಡೆವು. ಮೂರು ಗಂಟೆ ದಡದಲ್ಲೇ ಕೂತೆವು. ರಕ್ತ ಸುರಿಯುತ್ತಿದ್ದ ಇಂಜಿನಿಯರ ಮೊಣಕಾಲನ್ನು ನನ್ನ ವೇಲಿನಿಂದ ಕಟ್ಟಿದೆ. ನೀರು ಸಿಡಿದು ಒದ್ದೆಯಾದ ನಕಾಶೆ, ನಾನು ಹಳದಿ ಬಳಿದ ಅದೇ ಪ್ರತಿ, ಇನ್ನೂ ಅವರ ಕೈಯಲ್ಲೇ ಇತ್ತು. ಅದನ್ನು ನೋಡುತ್ತ ಕೇಳಿದರು, ಇಂಗ್ಲಿಷಿನಲ್ಲಿ, ಮೆಲ್ಲಗೆ.

"ಸಿಸ್ಟರ್, ನೀನು ಮೊದಲು ಕೂಗಿದ್ದು ಏನು?"

ಮ್ಯಾನೇಜರ್ ನನ್ನನ್ನು ನೋಡಿದರು. ಆ ಗಳಿಗೆಗಾಗಿ ಒಂದು ತಿಂಗಳು ಕಾದಿದ್ದೆ. ಹೇಳಿದೆ. ಬೊಳ್ಳ ಎಂದರೆ ಊರಲ್ಲ, ನನ್ನ ಭಾಷೆಯಲ್ಲಿ ನೆರೆ. ಈ ದಾರಿ ನನ್ನದು, ನೋಟುಬುಕ್ಕು ನನ್ನದು, ಇವರು ಒಂದು ದಿನವೂ ಇಲ್ಲಿ ತುಳಿದಿಲ್ಲ. ನನ್ನ ಹೆಸರು ಅಳಿಸಿ ತಮ್ಮ ಹೆಸರು ಹಾಕಿಕೊಂಡರು, ನನ್ನನ್ನು ಬಿಡಬಹುದು ಎಂದು ಬರೆದರು. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಮ್ಯಾನೇಜರ್ ತಲೆ ತಗ್ಗಿಸಿ ಬರಿಗಾಲನ್ನು ನೋಡಿಕೊಳ್ಳುತ್ತಿದ್ದರು. ಒಮ್ಮೆ ಮಾತ್ರ ಬಾಯಿ ತೆರೆದರು.

"ಚೆಕ್ ಮಾಡಿದ್ದು ಅವರೇ ಸರ್. ಹಳದಿ ಅವರದ್ದೇ. ಸಹಿ ಇದೆ."

ಇಂಜಿನಿಯರು ಅವರ ಕಡೆ ನೋಡಲೇ ಇಲ್ಲ. "ನಿನಗೆ ಅರ್ಥ ಗೊತ್ತಿತ್ತು," ಎಂದರು ನನಗೆ.

"ಗೊತ್ತಿತ್ತು."

"ಗೊತ್ತಿದ್ದೂ ಹಳದಿ ಹಾಕಿದೆ."

"ಹಾಕಿದೆ."

ಅವರು ನಕಾಶೆಯನ್ನು ತೊಡೆಯ ಮೇಲೆ ಹರಡಿ ನೀರು ಒರೆಸಿದರು. "ಈ ಚೆಕ್ ಪ್ರಿಂಟ್ ನೋಡಿ ನಾನು ಯಾರು ಇಷ್ಟು ಅಚ್ಚುಕಟ್ಟಾಗಿ ನೋಡಿದ್ದು ಎಂದು ವಿಚಾರಿಸಿದೆ. ನಿಜ್ವಾದ ಹೆಂಗಸು, ಈ ತಿಂಗಳು ಹೋಗುತ್ತಾಳೆ ಎಂದರು. ಅಚ್ಚಾಗುವವರೆಗೆ, ಮಾರ್ಚ್ ಮುಗಿಯುವವರೆಗೆ, ಅವಳನ್ನು ಇಟ್ಟುಕೊಳ್ಳಿ ಎಂದು ಮೊನ್ನೆ ನಿಮ್ಮ ಹೆಡ್ಡಾಫೀಸಿಗೆ ಪತ್ರ ಬರೆದೆ."

ಅವರ ಮೊಣಕಾಲಿಗೆ ಕಟ್ಟಿದ ವೇಲಿನ ಗಂಟನ್ನು ಇನ್ನೊಮ್ಮೆ ಬಿಗಿದೆ.

"ಈತ ನಿನ್ನದನ್ನು ಕದ್ದ. ಅದು ನಿನಗೂ ಅವನಿಗೂ ಇರುವ ಜಗಳ," ಎಂದರು. "ನನಗೂ ನಿನಗೂ ಏನು ಜಗಳ ಇತ್ತು, ಸಿಸ್ಟರ್?"

ಮಧ್ಯಾಹ್ನ ನೀರು ಇಳಿಯಿತು. ವಾಪಸು ಬರುವಾಗ ಇಬ್ಬರನ್ನೂ ಕಾರಿನಲ್ಲೇ ಕೂರಿಸಿಕೊಂಡೆ. ಬಾಳೆಹಣ್ಣು ಹಾಗೇ ಉಳಿದಿತ್ತು. ನಿಜ್ವಾ ತಲುಪಿದಾಗ ಇಂಜಿನಿಯರು ನನ್ನ ಕೈಗೆ ನಕಾಶೆ ಕೊಟ್ಟು ಕೆಂಪು ಪೆನ್ನು ಕೇಳಿದರು. ಬ್ಯಾಗಿನಲ್ಲಿತ್ತು. ಕಾರಿನ ಬಾನೆಟ್ಟಿನ ಮೇಲೆ, ಒದ್ದೆ ಕಾಗದ ಹರಿಯದ ಹಾಗೆ, ಏಳು ಬೊಳ್ಳಕ್ಕೂ ಕೆಂಪು ಸುತ್ತಿಸಿದರು. ನನ್ನ ಹಳೆಯ ಸಹಿಯ ಪಕ್ಕ ಇನ್ನೊಂದು ಸಹಿ ಮಾಡಿಸಿದರು. ಆಮೇಲೆ ಮಡಚಿ ಜೇಬಿಗೆ ಹಾಕಿಕೊಂಡು, ಖಲಾಸ್ ಎಂದು ಹೊರಟುಹೋದರು. ಮೂರನೆಯ ದಿನ ಅವರ ಪತ್ರ ರದ್ದಾದ ಸುದ್ದಿ ಹೆಡ್ಡಾಫೀಸಿನಿಂದ ಬಂತು. ಸುಳ್ಳು ಹಳದಿ ಹಾಕುವ ಕೈ ತನ್ನ ನಕಾಶೆ ಮುಟ್ಟುವುದು ಬೇಡ ಎಂದು ಬರೆದಿದ್ದರಂತೆ. ತಪ್ಪು ಹೇಳಲಾಗದು.

ಮ್ಯಾನೇಜರ ಕಥೆಯನ್ನೂ ಹೇಳಿಬಿಡಬೇಕು, ಅದರ ಸಂತೋಷವನ್ನು ನಾನು ಬಿಟ್ಟುಕೊಡುವುದಿಲ್ಲ. ಮುಂದಿನ ಪಟ್ಟಿಯಲ್ಲಿ ಅವರ ಹೆಸರು ಮೊದಲಿತ್ತು. ಮಸ್ಕತ್ತಿನ ಕನ್ನಡಿಗರ ನಡುವೆ ಏಳು ಬೊಳ್ಳದ ಕಥೆ ಹರಡಿ, ಯಾವ ಸಮಾರಂಭಕ್ಕೆ ಹೋದರೂ ಯಾರಾದರೊಬ್ಬರು "ಸಾರ್, ಬೊಳ್ಳಕ್ಕೆ ದಾರಿ ಯಾವ್ದು?" ಎಂದು ಕೇಳುತ್ತಿದ್ದರಂತೆ. ಅವರು ಕೊನೆಗೆ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟರಂತೆ. ಆ ಸುದ್ದಿ ತಂದುಕೊಟ್ಟ ಗೆಳತಿಗೆ ನಾನು ಎರಡನೆಯ ಸಲ ಕಾಫಿ ಮಾಡಿಕೊಟ್ಟು ಮೊದಲಿನಿಂದ ಹೇಳಿಸಿಕೊಂಡೆ. ನೋಟುಬುಕ್ಕು ಮಾತ್ರ ನನಗೆ ವಾಪಸು ಬರಲೇ ಇಲ್ಲ.

ಡಿಸೆಂಬರಿನ ಕೊನೆಯ ವಾರ ನಾನೂ ಮಗಳೂ ಊರಿಗೆ ಬಂದೆವು. ವರ್ಷದ ನಡುವೆ ಬಂದವಳನ್ನು ಆ ಮಾರ್ಚಿನ ಪರೀಕ್ಷೆಗೆ ಕೂರಿಸಲು ಉಡುಪಿಯ ಯಾವ ಶಾಲೆಯೂ ಒಪ್ಪಲಿಲ್ಲ. ಜೂನಿನಲ್ಲಿ ಅವಳು ತನಗಿಂತ ಸಣ್ಣವರ ಜೊತೆ ಮತ್ತೆ ಹತ್ತನೆಯ ತರಗತಿಗೆ ಸೇರಿದಳು. ಮೊದಲ ದಿನ ಶಾಲೆಯಿಂದ ಬಂದು ಬ್ಯಾಗು ಇಟ್ಟವಳು ಊಟಕ್ಕೆ ಬರಲಿಲ್ಲ. ಕರೆದರೆ "ಐ ಆಮ್ ಫೈನ್, ಅಮ್ಮ" ಎಂದಳು. ಹೊರಗೆ ಮಳೆ ಹೊಯ್ಯುತ್ತಿತ್ತು, ಪಕ್ಕದ ಮನೆಯವರು ತೋಡಿನಲ್ಲಿ ಬೊಳ್ಳ ಬಂತು ಎಂದು ಮಾತಾಡಿಕೊಳ್ಳುತ್ತಿದ್ದರು.

ಈಗ ಅವಳು ಕೆಲಸಕ್ಕೆ ಹೋಗುತ್ತಾಳೆ. ಯಾಕೆ ಒಂದು ವರ್ಷ ತಡ ಎಂದು ಯಾರಾದರೂ ಕೇಳಿದರೆ, ನಾವು ಗಲ್ಫಿನಲ್ಲಿದ್ದೆವು, ತೈಲದ ಬೆಲೆ ಬಿತ್ತು, ಅಮ್ಮನ ಕೆಲಸ ಹೋಯಿತು ಎನ್ನುತ್ತಾಳೆ. ನಾನು ಪಕ್ಕದಲ್ಲೇ ಇರುತ್ತೇನೆ. ಇಷ್ಟು ವರ್ಷ ಆ ಮಾತಿಗೂ ಹಳದಿಯನ್ನೇ ಬಳಿದುಕೊಂಡು ಬಂದಿದ್ದೇನೆ. ಈ ಬರಹ ಅದಕ್ಕೆ ಸುತ್ತುವ ಕೆಂಪು. ಅವಳು ಕನ್ನಡ ನಿಧಾನವಾಗಿ ಓದುತ್ತಾಳೆ, ಆದರೆ ಓದುತ್ತಾಳೆ.